ಇಪ್ಪತ್ತು ಅಸ್ಥಿಪಂಜರ, ಒಂದು ಮಳೆಗಾಲ

ಮೇಜಿನ ಮೇಲೆ ಆಡುವ ಯುದ್ಧದಾಟಗಳ ಪುಟ್ಟ ಬೊಂಬೆಗಳಿಗೆ, ಅಂದರೆ ಮಿನಿಯೇಚರ್‌ಗಳಿಗೆ, ಬಣ್ಣ ಹಚ್ಚುವ ಪಾಠಗಳಲ್ಲಿ "ಅರ್ಧ ಗಂಟೆ ಒಣಗಲಿ" ಎಂದಿರುತ್ತದೆ. ಯಾವ ಊರಿನ ಅರ್ಧ ಗಂಟೆ ಎಂದು ಯಾರೂ ಹೇಳುವುದಿಲ್ಲ. ಏಪ್ರಿಲ್‌ನ ಕಲಬುರಗಿಯಲ್ಲಿ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗಿಬಿಡುತ್ತದೆ. ಜುಲೈನ ಮಂಗಳೂರಿನಲ್ಲಿ ಅದೇ ಬಣ್ಣ ಅಸ್ಥಿಪಂಜರದ ಬೊಂಬೆಯ ಪಕ್ಕೆಲುಬಿನ ಸಂದಿಯಲ್ಲಿ ಎರಡು ಗಂಟೆಯಾದರೂ ಹಸಿಯಾಗಿರಬಹುದು. ಈ ಹವ್ಯಾಸದಲ್ಲಿ ಕೆಡುವ ಹತ್ತು ಕೆಲಸಗಳಲ್ಲಿ ಏಳೆಂಟು ಕೆಡುವುದು ನೀರಿನ ಲೆಕ್ಕ ತಪ್ಪಿ. ಗಾಳಿಯ ನೀರು, ಬಣ್ಣದ ನೀರು, ಕುಂಚದ ನೀರು, ಮೂರನ್ನೂ ನೋಡಿಕೊಂಡರೆ ಕೈಚಳಕ ಸ್ವಲ್ಪ ಕಡಿಮೆಯಿದ್ದರೂ ಸೇನೆ ಚೆನ್ನಾಗಿಯೇ ಕಾಣುತ್ತದೆ.

ಉದಾಹರಣೆಗೆ ಟೂಂಬ್ ಕಿಂಗ್ಸ್ ಸೇನೆಯ ಇಪ್ಪತ್ತು ಅಸ್ಥಿಪಂಜರ ಯೋಧರ ಒಂದು ತುಕಡಿಯನ್ನು ತೆಗೆದುಕೊಳ್ಳೋಣ. 1983ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವಾರ್‌ಹ್ಯಾಮರ್ ಫ್ಯಾಂಟಸಿ ಆಟ 2015ರಲ್ಲಿ ನಿಂತು, 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ಮರಳಿದಾಗ ಮೊದಲು ಬಂದ ಎರಡು ಸೇನೆಗಳಲ್ಲಿ ಇದೂ ಒಂದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ ಎಂದೇ ನನ್ನ ಅಭಿಪ್ರಾಯ. ಮುಖಕ್ಕೆ ಕಣ್ಣು ಬರೆಯಬೇಕಿಲ್ಲ, ಚರ್ಮದ ಬಣ್ಣ ಹದ ಮಾಡಬೇಕಿಲ್ಲ, ಮೂಳೆಯ ಏರಿಳಿತವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಜೋಡಣೆಯಲ್ಲಿ ಮೊದಲ ಎಚ್ಚರಿಕೆ: ಸ್ಪ್ರೂ ಚೌಕಟ್ಟಿನಿಂದ ಭಾಗವನ್ನು ಬಿಡಿಸುವಾಗ ಮೂಳೆಗೆ ತಾಗಿಸಿ ಕತ್ತರಿಸಬೇಡಿ. ನಿಪ್ಪರ್‌ನಲ್ಲಿ ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದ ತುಣುಕನ್ನು ಚಾಕುವಿನಿಂದ ತೆಳುವಾಗಿ ಕೆತ್ತಿ ತೆಗೆಯಿರಿ. ಈಟಿಯ ಕೋಲು, ಮೊಣಕಾಲಿನ ಕೆಳಗಿನ ಮೂಳೆ ಇವೆರಡೂ ಮುರಿಯುವುದು ಈ ಹಂತದಲ್ಲೇ. ಅಚ್ಚಿನ ಎರಡು ಭಾಗ ಸೇರಿದಲ್ಲಿ ಎದ್ದಿರುವ ಗೆರೆಯನ್ನು ಚಾಕುವಿನ ಬೆನ್ನಿನಿಂದ ಹೆರೆಯಬೇಕು, ಅಲಗಿನಿಂದಲ್ಲ. ತಲೆಬುರುಡೆಯ ನಡುವಿನ ಗೆರೆಯನ್ನು ಬಿಟ್ಟರೆ ಮುಂದೆ ಡ್ರೈಬ್ರಶ್ ಮಾಡುವಾಗ (ಬಹುತೇಕ ಒಣಗಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವಾಗ) ಅದೇ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುತ್ತದೆ.

ಅಂಟಿನಲ್ಲಿ ಗೊಂದಲ ಜಾಸ್ತಿ. ಪ್ಲಾಸ್ಟಿಕ್ ಸಿಮೆಂಟ್ ಬೊಂಬೆಯ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ಹಾಗಾಗಿ ಕೀಲು ಗಟ್ಟಿ. ಆದರೆ ರೆಸಿನ್‌ ಮತ್ತು ಲೋಹದ ಮೇಲೆ ಅದು ಏನೂ ಮಾಡದು. ಅವಕ್ಕೆ ಫೆವಿಕ್ವಿಕ್ ಥರದ ಸೂಪರ್ ಗ್ಲೂ ಬೇಕು. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದ್ದರಿಂದ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಜೊತೆಗೆ ಸುತ್ತಲೂ ಬಿಳಿ ಬೂದಿಯಂಥ ಪದರವನ್ನೂ ಬಿಡುತ್ತದೆ. ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಾಕು. ತೆರೆದ ಟ್ಯೂಬನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ರೆಸಿನ್ ಆದರೆ ಅಂಟಿಸುವ ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಬೇಕು, ಅಚ್ಚಿನಿಂದ ಬಂದ ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಅದನ್ನು ಉಜ್ಜುವಾಗ ಮಾಸ್ಕ್ ಹಾಕಿ, ನೀರು ತಾಳುವ ಉಪ್ಪುಕಾಗದದಲ್ಲಿ ಒದ್ದೆ ಮಾಡಿಯೇ ಉಜ್ಜಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಈ ತುಕಡಿ 25 ಮಿ.ಮೀ. ಚೌಕ ಬೇಸ್‌ಗಳ ಮೇಲೆ ಸಾಲಾಗಿ ನಿಲ್ಲುತ್ತದೆ. ಐದರಂತೆ ನಾಲ್ಕು ಸಾಲು ಎಂದರೆ 125 ಮಿ.ಮೀ. ಅಗಲ, 100 ಮಿ.ಮೀ. ಉದ್ದ. ಹಳೆಯ ಆವೃತ್ತಿಗಳಲ್ಲಿ ಬೇಸ್ 20 ಮಿ.ಮೀ. ಇತ್ತು. ಹಳೆಯ ಬೊಂಬೆಗಳನ್ನು ಕೊಂಡವರು ಬೇಸ್ ಕಿತ್ತು ಬದಲಿಸುವ ಬದಲು ಅಷ್ಟಷ್ಟು ಅಂತರ ಬಿಟ್ಟ ಟ್ರೇ ಮಾಡಿಕೊಂಡರೆ ಸಾಕು. ಅಂಟು ಹಾಕುವ ಮೊದಲು, ಕಿತ್ತು ಮತ್ತೆ ಬಳಸಬಹುದಾದ ಅಂಟುಮುದ್ದೆಯಾದ ಬ್ಲೂ ಟ್ಯಾಕ್‌ನಲ್ಲಿ ನಿಲ್ಲಿಸಿ ನೋಡಲೇಬೇಕು: ಹಿಂದಿನವನ ಈಟಿ ಮುಂದಿನವನ ಬೆನ್ನೆಲುಬಿಗೆ ಚುಚ್ಚಿದರೆ ಸಾಲು ಕೂರುವುದಿಲ್ಲ. ಈಟಿ ನೆಟ್ಟಗೆ ಹಿಡಿದವರು ಹಿಂದೆ, ಮುಂದಕ್ಕೆ ಚಾಚಿದವರು ಮೊದಲ ಸಾಲಿನಲ್ಲಿ. ಗುರಾಣಿಯನ್ನು ಈಗಲೇ ಅಂಟಿಸಬೇಡಿ, ಬೇರೆಯಾಗಿ ಬಣ್ಣ ಹಚ್ಚಿ ಕೊನೆಗೆ ಅಂಟಿಸಿ. ಇಲ್ಲವಾದರೆ ಅದರ ಹಿಂದಿನ ಪಕ್ಕೆಲುಬಿಗೆ ಕುಂಚ ತಲುಪುವುದಿಲ್ಲ.

ಇನ್ನು ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಹಾಕುವ ತಳಪದರ. ಅತಿ ಹೆಚ್ಚು ಬೊಂಬೆಗಳು ಹಾಳಾಗುವುದು ಇಲ್ಲೇ. ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 20ರಿಂದ 30 ಸೆಂ.ಮೀ. ದೂರದಿಂದ, ಬೊಂಬೆಯ ಆಚೆ ಶುರುಮಾಡಿ ಈಚೆ ನಿಲ್ಲಿಸುವಂತೆ ಬೀಸಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪದರ ಮರಳು ಮರಳಾಗಿ ಕೂತು ಉಪ್ಪುಕಾಗದದಂತೆ ಆಗುತ್ತದೆ. ಸುಡುಬಿಸಿಲಿನಲ್ಲಿ ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಬಂದು ಅಂಟುತ್ತದೆ. ಎರಡೂ ನೋಡಲು ಒಂದೇ ಥರ, ಕಾರಣ ಬೇರೆ. ಬಿಸಿಲಾದರೆ ಸ್ವಲ್ಪ ಹತ್ತಿರದಿಂದ, ಬೆಳಗಿನ ಹೊತ್ತು ಹೊಡೆದರೆ ಸರಿಹೋಗುತ್ತದೆ. ತೇವಕ್ಕೆ ಅಂಥ ಉಪಾಯ ಇಲ್ಲ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ 70 ಶೇಕಡಾ ದಾಟಿದ್ದರೆ ಡಬ್ಬಿ ಮುಟ್ಟದಿರುವುದು ಲೇಸು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮರೆತು ಕುಂಚದಲ್ಲಿ ಹಚ್ಚುವ ಅಕ್ರಿಲಿಕ್-ಪಾಲಿಯುರಿಥೇನ್ ಪ್ರೈಮರ್ ಬಳಸಲಿ. ತೆಳುವಾಗಿ ಎರಡು ಸಲ ಹಚ್ಚಿ, ಒಂದಿಡೀ ದಿನ ಬಿಡಬೇಕು. ಅವಸರಪಟ್ಟು ಉಗುರಿನಿಂದ ಕೆರೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ.

ಮೂಳೆಯ ಬಣ್ಣಕ್ಕೆ ಸಿಟಾಡೆಲ್ ಬಣ್ಣಗಳಲ್ಲಿ ನಂಬಿಕಸ್ಥ ಸರಣಿ ಒಂದಿದೆ. ಕೆಳಗೆ ಝಾಂಡ್ರಿ ಡಸ್ಟ್, ಮೇಲೆ ಅಗ್ರಾಕ್ಸ್ ಅರ್ಥ್‌ಶೇಡ್ ವಾಶ್ (ಸಂದಿಗಳಿಗೆ ಇಳಿದು ನೆರಳು ಕೊಡುವ ತೆಳು ಬಣ್ಣ), ಒಣಗಿದ ಮೇಲೆ ಉಷಾಬ್ತಿ ಬೋನ್ ಡ್ರೈಬ್ರಶ್, ಕಟ್ಟಕಡೆಗೆ ತಲೆಬುರುಡೆ ಮತ್ತು ಬೆರಳುಗಳಿಗಷ್ಟೇ ಸ್ಕ್ರೀಮಿಂಗ್ ಸ್ಕಲ್. ಝಾಂಡ್ರಿ ಎನ್ನುವುದು ಇದೇ ಟೂಂಬ್ ಕಿಂಗ್ಸ್‌ರ ಕಾಲ್ಪನಿಕ ನಾಡಿನ ಒಂದು ಪಟ್ಟಣ, ಬಣ್ಣ ತನ್ನ ಊರಿಗೇ ಬಂದಂತೆ. ಇನ್ನಷ್ಟು ಹಳದಿ ಛಾಯೆ ಬೇಕೆಂದರೆ ವಾಶ್‌ಗೆ ಸೆರಾಫಿಮ್ ಸೆಪಿಯಾ ತೆಗೆದುಕೊಳ್ಳಿ. 18 ಮಿ.ಲೀ. ಡಬ್ಬಿ ಇಪ್ಪತ್ತು ಜನಕ್ಕೆ ಧಾರಾಳ.

ವಾಶ್ ಹಾಕುವಾಗ ಅದು ಪಕ್ಕೆಲುಬಿನ ಕೆಳಗೆ ಕೊಳದಂತೆ ನಿಂತರೆ ತಕ್ಷಣ ಒಣ ಕುಂಚದಿಂದ ಹೀರಿ ತೆಗೆಯಿರಿ. ತಕ್ಷಣ ಎಂದರೆ ಅರ್ಧ ನಿಮಿಷದೊಳಗೆ. ಅರೆ ಒಣಗಿದ ಮೇಲೆ ಮುಟ್ಟಿದರೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಉಳಿಯುವಂಥ ಉಂಗುರದ ಕಲೆ ಬೀಳುತ್ತದೆ. ಮಳೆಗಾಲದಲ್ಲಿ ವಾಶ್ ಒಣಗಿತೋ ಎಂದು ಮೂಳೆಯ ಮೇಲ್ಭಾಗ ನೋಡಿ ತೀರ್ಮಾನಿಸಬೇಡಿ, ಕಣ್ಣಿನ ಗುಳಿಯಲ್ಲಿ ಹೊಳಪು ಇನ್ನೂ ಇದೆಯೇ ನೋಡಿ. ಹೊಳಪು ಇದ್ದಾಗ ಡ್ರೈಬ್ರಶ್ ಮಾಡಿದರೆ ಬಣ್ಣ ಕಲಸಿ ಕೆಸರಾಗುತ್ತದೆ. ಒಣ ಹವೆಯಲ್ಲಿ ಐದೈದು ಬೊಂಬೆ ಒಟ್ಟಿಗೆ ಹಿಡಿದರೆ ಐದನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ತೆಳು ಪದರ ಸಿದ್ಧವಾಗಿರುತ್ತದೆ. ತೇವದ ದಿನಗಳಲ್ಲಿ ಹತ್ತು ಹಿಡಿಯಿರಿ, ಕಾಯುವ ಸಮಯ ಕೆಲಸದಲ್ಲೇ ಕಳೆಯುತ್ತದೆ. ಹಿಡಿಯಲು ಔಷಧಿ ಬಾಟಲಿಯ ಮುಚ್ಚಳ, ಅದರ ಮೇಲೆ ಬ್ಲೂ ಟ್ಯಾಕ್ ಸಾಕು.

ಡ್ರೈಬ್ರಶ್‌ನಲ್ಲಿ ಕುಂಚದ ಬಣ್ಣವನ್ನು ಕಾಗದಕ್ಕೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದ ಮೇಲೂ ಎರಡು ಸಲ ಒರೆಸಬೇಕು. ಹೆಬ್ಬೆರಳಿನ ಗೆರೆಗಳ ಮೇಲೆ ಎಳೆದು ನೋಡಿ: ಗೆರೆ ಮಾತ್ರ ಬೆಳ್ಳಗಾದರೆ ಹದ ಸರಿ, ಚರ್ಮವೆಲ್ಲ ಬೆಳ್ಳಗಾದರೆ ಇನ್ನೂ ಒರೆಸಿ.

ಬಟ್ಟೆ, ತೊಗಲು, ಕಂಚಿನ ಕೆಲಸಕ್ಕೆ ಬಣ್ಣ ಒಣಗದಂತೆ ಇಡುವ ವೆಟ್ ಪ್ಯಾಲೆಟ್ ಬೇಕು. ತಟ್ಟೆಯಾಕಾರದ ಊಟದ ಡಬ್ಬಿ, ಒಳಗೆ ನೆನೆಸಿದ ತೆಳು ಸ್ಪಂಜು, ಮೇಲೆ ಬೇಕಿಂಗ್ ಪೇಪರ್, ಅಷ್ಟೇ. ಮೇಣ ಸವರಿದ ಕಾಗದ ನೀರನ್ನು ಬಿಡುವುದೇ ಇಲ್ಲ, ಅದು ಬೇಡ. ಸ್ಪಂಜಿನ ನೀರು ಕಾಗದದ ಮೇಲೆ ಉಕ್ಕಿದರೆ ಬಣ್ಣ ಹಾಲಿನಂತಾಗದೆ ಮಜ್ಜಿಗೆಯ ತಿಳಿಯಂತಾಗಿ ಮುಚ್ಚುವ ಶಕ್ತಿ ಕಳೆದುಕೊಳ್ಳುತ್ತದೆ. ಮೂರನೆಯ ದಿನಕ್ಕೆ ನೀರು ಬದಲಿಸಿ, ಇಲ್ಲವಾದರೆ ಬೂಸಲು. ಲೋಹದ ಬಣ್ಣವನ್ನು ಮಾತ್ರ ಇದರ ಮೇಲೆ ಹಾಕಬೇಡಿ, ಹೊಳಪಿನ ಕಣಗಳು ಹರಡಿ ಉಳಿದ ಬಣ್ಣಗಳಿಗೂ ಸೇರುತ್ತವೆ. ಅದಕ್ಕೆ ಕುಂಚ ತೊಳೆಯುವ ಲೋಟವೂ ಬೇರೆ ಇರಲಿ.

ಕುಂಚದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕಿದೆ. ನಮ್ಮಲ್ಲಿ ಕೆಲವೆಡೆ ಹೆಸರಿಲ್ಲದ "ನ್ಯಾಚುರಲ್ ಹೇರ್" ಕುಂಚಗಳು ಸಿಗುತ್ತವೆ. ಅದು ಮುಂಗುಸಿಯ ಕೂದಲಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರುವುದೂ ಕೊಳ್ಳುವುದೂ ಅಪರಾಧ. ಒಂದು ಹಿಡಿ ಕೂದಲಿಗಾಗಿ ಆ ಪ್ರಾಣಿಯನ್ನು ಕೊಲ್ಲುತ್ತಾರೆ. ಕೊಳ್ಳಲೇಬೇಡಿ. ಒಳ್ಳೆಯ ಸಿಂಥೆಟಿಕ್ ಕುಂಚ ಈ ಕೆಲಸಕ್ಕೆ ಸಾಲುತ್ತದೆ. ಅಳತೆ 1 ಅಥವಾ 2, ತುದಿ ಸೂಜಿಯಂತಿರಲಿ. ಮೂರು ಸೊನ್ನೆಯ ಪುಟ್ಟ ಕುಂಚದಲ್ಲಿ ಬಣ್ಣ ನಿಲ್ಲುವ ಹೊಟ್ಟೆಯೇ ಇಲ್ಲ, ಬೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಸಿಂಥೆಟಿಕ್ ತುದಿ ಕೊಕ್ಕೆಯಂತೆ ಬಾಗಿದರೆ ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ ಬೆರಳಲ್ಲಿ ತೀಡಿ. ಲೋಹದ ಪಟ್ಟಿಯವರೆಗೆ ಬಣ್ಣ ಏರದಂತೆ ನೋಡಿಕೊಳ್ಳಿ, ತುದಿ ಕವಲೊಡೆಯುವುದು ಅಲ್ಲಿಂದಲೇ.

ಈ ಸೇನೆಗೆ ವಾರ್ನಿಶ್ ಬಿಡುವಂತಿಲ್ಲ. ಆಟದಲ್ಲಿ ಬಿದ್ದ ಟೂಂಬ್ ಕಿಂಗ್ಸ್ ಯೋಧರು ಮಂತ್ರದಿಂದ ಮತ್ತೆ ಎದ್ದು ಬರುತ್ತಾರೆ, ಹಾಗಾಗಿ ಒಂದೇ ಬೊಂಬೆಯನ್ನು ಒಂದು ಸಂಜೆಯಲ್ಲಿ ಹತ್ತಾರು ಸಲ ಎತ್ತಿ ಇಡುತ್ತೇವೆ. ಬೆರಳಿನ ಬೆವರಿಗೆ ಮೊದಲು ಸವೆಯುವುದು ಈಟಿಯ ತುದಿ, ತಲೆಬುರುಡೆ. ಮ್ಯಾಟ್ ವಾರ್ನಿಶ್‌ನಲ್ಲಿ ಹೊಳಪು ತಗ್ಗಿಸುವ ಪುಡಿ ತಳಕ್ಕೆ ಇಳಿದಿರುತ್ತದೆ. ಚೆನ್ನಾಗಿ ಕುಲುಕದಿದ್ದರೆ ಒಮ್ಮೆ ಹೊಳಪು, ಒಮ್ಮೆ ಬಿಳಿ ಮಬ್ಬು. ತೇವದಲ್ಲಿ ಸ್ಪ್ರೇ ಹೊಡೆದು ಬಿಳುಪೇರಿದ್ದರೆ ಗಾಬರಿ ಬೇಡ. ಅದರ ಮೇಲೆ ಕುಂಚದಲ್ಲಿ ಗ್ಲಾಸಿ (ಹೊಳಪಿನ) ವಾರ್ನಿಶ್ ಹಚ್ಚಿದರೆ ಬಹುಪಾಲು ಬಿಳುಪು ಕರಗಿಹೋಗುತ್ತದೆ, ಒಣಗಿದ ಮೇಲೆ ಕುಂಚದಲ್ಲೇ ಮ್ಯಾಟ್ ಹಚ್ಚಿ.

ಪ್ರೈಮರೇ ಮರಳಾಗಿದ್ದರೆ ಮಾತ್ರ ಎಲ್ಲ ತೆಗೆದು ಮತ್ತೆ ಶುರು. ಅದಕ್ಕೆ ಮನೆಯಲ್ಲಿರುವ ಡೆಟಾಲ್ ಸಾಕು. ಕಂದು ಬಣ್ಣದ ಮೂಲ ದ್ರಾವಣವನ್ನು ನೀರು ಬೆರೆಸದೆ, ಬೊಂಬೆ ಮುಳುಗುವಷ್ಟು ಗಾಜಿನ ಸೀಸೆಗೆ ಹಾಕಿ, ಒಂದು ದಿನ ಮುಚ್ಚಿಡಿ. ಕೈಗವಸು ಹಾಕಿ, ಕಿಟಕಿ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಬಣ್ಣ ಬಿಡುವಾಗಲೇ ನಲ್ಲಿಗೆ ಹಿಡಿಯುವುದು. ನೀರು ತಾಗಿದೊಡನೆ ಡೆಟಾಲ್ ಹಾಲಿನಂತಾಗಿ, ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ. ಬ್ರಷ್ಷನ್ನೂ ಡೆಟಾಲ್‌ನಲ್ಲೇ ಅದ್ದಿ, ಬೊಂಬೆಯನ್ನೂ ಹೊಸ ಡೆಟಾಲ್‌ನಲ್ಲೇ ಒಮ್ಮೆ ಜಾಲಿಸಿ, ಪೂರ್ತಿ ಬಿಟ್ಟ ಮೇಲಷ್ಟೇ ಸೋಪು ನೀರು. ಉಗುರುಬಣ್ಣ ತೆಗೆಯುವ ಅಸಿಟೋನ್ ಕಡೆ ತಲೆ ಹಾಕಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ.

ಬೇಸ್‌ಗೆ ಮರಳನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ. ಹಿಮದಂತೆ ಕಾಣಲೆಂದು ಅಡುಗೆ ಸೋಡಾ ಹಾಕುವ ಪಾಠಗಳಿವೆ. ಅದು ಗಾಳಿಯ ತೇವ ಹೀರಿ ವರ್ಷ ಕಳೆಯುವುದರಲ್ಲಿ ಹಳದಿಯಾಗಿ ಉದುರುತ್ತದೆ. ಅಡಿಯಲ್ಲಿ 5 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್ ಕೂರಿಸಿದರೆ ತಗಡಿನ ಟ್ರೇ ಮೇಲೆ ಇಡೀ ತುಕಡಿ ಒಟ್ಟಿಗೆ ಸರಿಯುತ್ತದೆ, ಪೆಟ್ಟಿಗೆಯಲ್ಲೂ ಉರುಳುವುದಿಲ್ಲ. ಬೇಸ್‌ನ ಟೊಳ್ಳಿಗೆ ಎಂ-ಸೀಲ್ ತುಂಬಿ, ಮ್ಯಾಗ್ನೆಟ್ಟನ್ನು ಅಂಚಿನ ಮಟ್ಟಕ್ಕೆ ಒತ್ತಿ. ಒಂದು ಮಿಲಿಮೀಟರ್ ಒಳಗೆ ಹೋದರೂ ಹಿಡಿತ ತುಂಬಾ ಕಡಿಮೆಯಾಗುತ್ತದೆ. ಎಂ-ಸೀಲ್ ಗಟ್ಟಿಯಾದ ಮೇಲೆ ಅದರ ಮೇಲೆ ಮಾರ್ಕರ್‌ನಲ್ಲಿ 1ರಿಂದ 20ರವರೆಗೆ ಸಂಖ್ಯೆ ಬರೆಯಿರಿ. ಮಂತ್ರಕ್ಕೆ ಎದ್ದುಬಂದ ಹದಿನಾಲ್ಕನೆಯವನು ಎಲ್ಲಿ ನಿಂತರೆ ಅವನ ಈಟಿ ಯಾರಿಗೂ ತಾಗುವುದಿಲ್ಲ ಎಂದು ಆಟದ ನಡುವೆ ಹುಡುಕುತ್ತ ಕೂರಬೇಕಿಲ್ಲ.