ಚಾರಣದ ಚೀಲದಲ್ಲಿ ಹುಳಿಗೂ ಒಂದು ಜಾಗ

ಬೆಟ್ಟ ಹತ್ತಲು ಹೊರಟವರು ತಿಂಡಿ ಕಟ್ಟಿಕೊಳ್ಳುವಾಗ ಸಾಮಾನ್ಯವಾಗಿ ಹಸಿವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ಏರಿದ ಮೇಲೆ ಆ ಹಸಿವೇ ಸತ್ತುಹೋಗುತ್ತದೆ. ಬಾಯಿ ಒಣಗಿರುತ್ತದೆ, ಬಿಸ್ಕತ್ತನ್ನು ನೆನೆದರೇ ಗಂಟಲು ಕಟ್ಟಿದಂತಾಗುತ್ತದೆ, ಏನಾದರೂ ತಿನ್ನಬೇಕೆಂದು ಗೊತ್ತಿದ್ದರೂ ಕೈ ಡಬ್ಬಿಯತ್ತ ಹೋಗುವುದಿಲ್ಲ. ತಿನ್ನದೆ ಇನ್ನೊಂದು ಗಂಟೆ ನಡೆದರೆ ಕಾಲು ನಡುಗಲಾರಂಭಿಸುತ್ತದೆ. ಆದ್ದರಿಂದ ನನ್ನ ಚೀಲದಲ್ಲಿ ಏನಿರಬೇಕು ಎಂಬುದನ್ನು ನಾನು ಈಗ ಬೆಳಗಿನ ಹಸಿವಿನಿಂದ ನಿರ್ಧರಿಸುವುದಿಲ್ಲ. ಆ ನಾಲ್ಕನೆಯ ಗಂಟೆಯಲ್ಲಿ ನಾಲಿಗೆ ಯಾವುದನ್ನು ಒಪ್ಪೀತು ಎಂಬುದರಿಂದ ನಿರ್ಧರಿಸುತ್ತೇನೆ.

ಪಶ್ಚಿಮ ಘಟ್ಟದ ಚಾರಣಕ್ಕೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಹಿಂದೆ ಶಿಕಾರಿಗೆ ಹೋಗುತ್ತಿದ್ದವರು ಕಾಡಿನಲ್ಲೇ ಮೂರು ಕಲ್ಲಿಟ್ಟು ಬೆಂಕಿ ಹಾಕಿ ಬೇಯಿಸಿಕೊಳ್ಳಬಹುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ರಾಷ್ಟ್ರೀಯ ಉದ್ಯಾನದೊಳಗೆ ಒಲೆ ಹೊತ್ತಿಸುವಂತೆಯೂ ಇಲ್ಲ. ಮುಳ್ಳೋಡಿಯ ಕಡೆಯಿಂದ ಕುದುರೆಮುಖದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಮೇಲೆ ತಂಗುವ ಅವಕಾಶವಿಲ್ಲದ ಕಾರಣ ಸಂಜೆಯೊಳಗೆ ಇಳಿದಿರಬೇಕು. ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೊರಟರೆ ಏರುವುದೇ ಸುಮಾರು ಒಂದೂವರೆ ಸಾವಿರ ಮೀಟರ್. ಇಂಥ ಕಡೆ ಬೆಂಕಿ ಬೇಡದ, ಕೂತು ಬಡಿಸಿಕೊಳ್ಳುವ ಅಗತ್ಯವಿಲ್ಲದ, ಪ್ಲಾಸ್ಟಿಕ್ ಕಸ ಉಳಿಸದ ತಿನಿಸೇ ಆಗಬೇಕು.

ಶಕ್ತಿಯ ವಿಷಯದಲ್ಲಿ ಶೇಂಗಾ ಮತ್ತು ಬೆಲ್ಲವನ್ನು ಮೀರಿಸಿದ್ದು ನನಗೆ ಇದುವರೆಗೆ ಸಿಕ್ಕಿಲ್ಲ. ನೂರು ಗ್ರಾಂ ಸೇಬಿನಲ್ಲಿ 50ರ ಆಸುಪಾಸಿನಲ್ಲಿ ಕ್ಯಾಲೊರಿ ಇದ್ದರೆ ಅಷ್ಟೇ ತೂಕದ ಶೇಂಗಾದಲ್ಲಿ 560ಕ್ಕೂ ಹೆಚ್ಚಿರುತ್ತದೆ. ಹಣ್ಣು ಹೊರುವವನು ಹೆಚ್ಚಾಗಿ ನೀರನ್ನೇ ಹೊರುತ್ತಾನೆ. ಆದರೂ ಅಂಗಡಿಯ ಚಿಕ್ಕಿಗಿಂತ ನನಗೆ ಉತ್ತರ ಕರ್ನಾಟಕದ ಶೇಂಗಾ ಹೋಳಿಗೆಯೇ ಇಷ್ಟ, ಏಕೆಂದರೆ ಚಿಕ್ಕಿ ಬಿಸಿಲಿಗೆ ಅಂಟುತ್ತದೆ, ಮಳೆಗಾಲದ ತೇವಕ್ಕೆ ಬೆವರುತ್ತದೆ. ಚೆನ್ನಾಗಿ ಬೇಯಿಸಿ ಆರಿಸಿಟ್ಟ ಶೇಂಗಾ ಹೋಳಿಗೆ ಒಂದು ವಾರ ಕಳೆದರೂ ಕೆಡುವುದಿಲ್ಲ, ನಾಲ್ಕಾಗಿ ಮಡಚಿ ಒಂದು ಕೈಯಲ್ಲಿ ಕೋಲು ಹಿಡಿದುಕೊಂಡೇ ತಿನ್ನಬಹುದು. ಗೋಕಾಕ ಅಥವಾ ಅಮೀನಗಡದ ಕರದಂಟು ಇದಕ್ಕಿಂತ ಭಾರಿ ಪದಾರ್ಥ. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ ಎಲ್ಲವೂ ಸೇರಿರುವ ಅದರ ಒಂದು ತುಂಡು ಸಾಕು, ಎರಡನೆಯದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಅದನ್ನು ನಾನು ಶಿಖರ ಮುಟ್ಟಿ ಅರ್ಧ ಗಂಟೆ ಕುಳಿತಾಗ ಮಾತ್ರ ಬಿಚ್ಚುತ್ತೇನೆ.

ಇವೆಲ್ಲ ಸಿಹಿ. ಮೂರನೆಯ ತುಂಡಿನ ಹೊತ್ತಿಗೆ ಸಿಹಿ ಯಾರಿಗಾದರೂ ಸಾಕಾಗುತ್ತದೆ. ಹೀಗಾಗಿಯೇ ಹುಳಿಯ ಬಗ್ಗೆ ನಾನು ಸ್ವಲ್ಪ ಹಟದಿಂದಲೇ ಮಾತನಾಡುವುದು. ಹುಳಿ ಬಾಯಿಗೆ ಬಿದ್ದೊಡನೆ ನೀರೂರುತ್ತದೆ, ಒಣಗಿದ ಬಾಯಿಗೆ ಅಗಿಯುವ ಮನಸ್ಸು ಮರಳುತ್ತದೆ. ಅದರ ಜೊತೆಗಿರುವ ಉಪ್ಪು ಬೆವರಿನಲ್ಲಿ ಹೋದದ್ದರಲ್ಲಿ ಒಂದಷ್ಟನ್ನು ಹಿಂದಿರುಗಿಸುತ್ತದೆ. ಅದೃಷ್ಟವಶಾತ್ ನಾವು ಹತ್ತುವ ಬೆಟ್ಟಗಳ ಸುತ್ತಮುತ್ತಲಿನ ಮನೆಗಳಲ್ಲೇ ಇದಕ್ಕೆ ಬೇಕಾದದ್ದೆಲ್ಲ ತಯಾರಾಗುತ್ತದೆ. ಶಿರಸಿ, ಸಾಗರದ ಕಡೆ ಮಾಡುವ ನೆಲ್ಲಿಕಾಯಿ ಅಡಿಕೆಯನ್ನು ನಾನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಉಪ್ಪು, ಶುಂಠಿ ಹಾಕಿ ಒಣಗಿಸಿದ ನೆಲ್ಲಿಯ ಆ ಚೂರುಗಳಲ್ಲಿ ಒಂದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡರೆ ಕಡಿದಾದ ಒಂದು ಏರು ಮುಗಿಯುವವರೆಗೂ ಬರುತ್ತದೆ, ಮೇಲೆ ಕುಡಿದ ನೀರು ಸಿಹಿಯಾಗಿ ಇಳಿಯುತ್ತದೆ. ಕರಾವಳಿಯ ಮಾಂಬಳವೂ ಹಾಗೆಯೇ. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸಿದ ಅದನ್ನು ಬೆರಳಗಲಕ್ಕೆ ಕತ್ತರಿಸಿ ತಂದರೆ ಮಕ್ಕಳೂ ನಡೆಯುತ್ತಲೇ ಜಗಿಯುತ್ತಾರೆ. ಉತ್ತರ ಕನ್ನಡದ ಸುಕೇಳಿ, ಅಂದರೆ ಬಿಸಿಲಿಗೆ ಒಣಗಿದ ಬಾಳೆಹಣ್ಣು, ಹುಳಿಯ ಪಂಕ್ತಿಗೆ ಸೇರದಿದ್ದರೂ ಚೀಲದಲ್ಲಿ ಜಜ್ಜಿಹೋಗುವ ಹಸಿ ಬಾಳೆಹಣ್ಣಿಗಿಂತ ನೂರು ಪಾಲು ಮೇಲು.

ನೀರಿನ ಬಾಟಲಿಗೆ ನಾಲ್ಕು ಒಣ ಪುನರ್ಪುಳಿ (ಕೋಕಂ) ಸಿಪ್ಪೆ, ಚಿಟಿಕೆ ಉಪ್ಪು, ಒಂದು ಗೋಲಿಯಷ್ಟು ಬೆಲ್ಲ ಹಾಕಿಟ್ಟರೆ ಒಂದು ಗಂಟೆಯಲ್ಲಿ ಕೆಂಪಗೆ ಬಣ್ಣ ಬಿಟ್ಟು ಒಳ್ಳೆಯ ಪಾನಕವಾಗುತ್ತದೆ. ವಾಂತಿ, ತಲೆಸುತ್ತು ಬಂದವರಿಗೆ ಮಾತ್ರ ಇದನ್ನು ಔಷಧವೆಂದು ಕುಡಿಸಬಾರದು. ಅದಕ್ಕೆ ಒಆರ್‌ಎಸ್ ಪುಡಿಯ ಪೊಟ್ಟಣವೇ ಬೇಕು, ಅದನ್ನೂ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಬೇಕು.

ಮಧ್ಯಾಹ್ನದ ಊಟಕ್ಕೆ ಚಿತ್ರಾನ್ನ, ಪುಳಿಯೋಗರೆ ತರುವವರೇ ಹೆಚ್ಚು. ರುಚಿಯ ಬಗ್ಗೆ ತಕರಾರಿಲ್ಲ, ಆದರೆ ಬೆಳಗಿನ ನಾಲ್ಕಕ್ಕೆ ಕಲಸಿದ ಅನ್ನ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿರುತ್ತದೆ, ತೂಕವೂ ಹೆಚ್ಚು. ನಾನು ಗಟ್ಟಿ ಅವಲಕ್ಕಿಯನ್ನು ಸಣ್ಣ ರವೆಯಂತೆ ತರಿತರಿಯಾಗಿ ಬೀಸಿ ಒಂದು ಬಟ್ಟೆಯ ಚೀಲದಲ್ಲಿ, ಪುಳಿಯೋಗರೆ ಗೊಜ್ಜನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತೇನೆ. ಮೇಲೆ ಕೂತಾಗ ಗೊಜ್ಜನ್ನು ನೀರಿನಲ್ಲಿ ಕದಡಿ, ಅವಲಕ್ಕಿ ಹಾಕಿ ಮುಚ್ಚಿಟ್ಟರೆ ಹದಿನೈದು ನಿಮಿಷದಲ್ಲಿ ಅದು ಅರಳಿ ಉದುರುದುರಾಗುತ್ತದೆ. ಕೈಯಲ್ಲಿ ಹಿಸುಕಿ ಹುರಿದ ಶೇಂಗಾ ಬೆರೆಸಿದರೆ ಊಟ ಮುಗಿಯಿತು. ನೀರು ತಣ್ಣಗಿದ್ದರೂ ನಡೆಯುತ್ತದೆ. ನನ್ನ ಗೆಳೆಯರಲ್ಲಿ ಕೆಲವರು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಪಕ್ಷದವರು. ರೊಟ್ಟಿ ಎಷ್ಟು ದಿನವಾದರೂ ಕೆಡದು ಎಂಬುದು ನಿಜ, ಆದರೆ ತುಂಬಿದ ಚೀಲದಲ್ಲಿ ಅದು ಪುಡಿಯಾಗದೆ ಮೇಲೆ ತಲುಪಿದ್ದನ್ನು ನಾನು ಕಂಡಿಲ್ಲ. ಚಕ್ಕುಲಿ, ನಿಪ್ಪಟ್ಟುಗಳ ಪಾಡೂ ಅದೇ, ಜೊತೆಗೆ ಮಂಜು ಕವಿದರೆ ಅವು ಮೆತ್ತಗಾಗುತ್ತವೆ. ಕೋಡುಬಳೆ ಮಾತ್ರ ಗಟ್ಟಿ ಜೀವ, ಅದಕ್ಕೆ ವಿನಾಯಿತಿ.

ಬೇಡವಾದದ್ದರಲ್ಲಿ ಮೊದಲನೆಯದು ಹಲಸಿನ ಹಣ್ಣು. ಆನೆಗೆ ಹಲಸು ಎಷ್ಟು ಪ್ರಿಯವೆಂಬುದು ಘಟ್ಟದ ತೋಟದವರಿಗೆಲ್ಲ ಗೊತ್ತು, ಕುಮಾರಪರ್ವತವಿರುವ ಪುಷ್ಪಗಿರಿಯ ಕಾಡಿನಲ್ಲಿ ಆನೆಗಳಿವೆ. ಅದರ ವಾಸನೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವುದು ಜಾಣತನವಲ್ಲ. ಸರಪರ ಸದ್ದು ಮಾಡುವ ಚಿಪ್ಸ್ ಪೊಟ್ಟಣಗಳನ್ನೂ ನಾನು ಒಯ್ಯುವುದಿಲ್ಲ. ಜನರ ಓಡಾಟವಿರುವ ದಾರಿಗಳ ಮಂಗಗಳಿಗೆ ಆ ಸದ್ದಿನ ಅರ್ಥ ಚೆನ್ನಾಗಿ ತಿಳಿದಿದೆ, ಖಾಲಿ ಪೊಟ್ಟಣ ಗಾಳಿಗೆ ಹಾರಿದರೆ ಶೋಲಾ ಕಾಡಿನ ಕಣಿವೆಯಿಂದ ಅದನ್ನು ಹೆಕ್ಕಿ ತರುವವರಿಲ್ಲ. ಉಳಿದ ತಿಂಡಿಗಳನ್ನು ಕಟ್ಟಿಕೊಳ್ಳಲು ಬಾಡಿಸಿದ ಬಾಳೆಎಲೆ, ಹಳೆಯ ಪಂಚೆಯ ತುಂಡು ಸಾಕು. ಆದರೆ ಎಲೆಯನ್ನೂ ಸಿಪ್ಪೆಯನ್ನೂ ಅಲ್ಲೇ ಎಸೆಯದೆ ಇಳಿಸಿಕೊಂಡು ಬರಬೇಕು.

ಕಟ್ಟುವಾಗ ಇನ್ನೊಬ್ಬರ ಪಾಲನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಕುದುರೆಮುಖಕ್ಕೆ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ. ನಾವು ತಿನ್ನುವಾಗ ಅವರು ಸಂಕೋಚದಿಂದ ಸ್ವಲ್ಪ ದೂರ ಹೋಗಿ ನಿಲ್ಲುವುದುಂಟು. ಸಿಹಿ ಕೊಟ್ಟರೆ ಬೇಡವೆನ್ನುವವರೂ ಅವಲಕ್ಕಿಗೆ ಕೈ ಚಾಚುತ್ತಾರೆಂಬುದು ನನ್ನ ಅನುಭವ. ಹಾಗಾಗಿ ತರಿಯನ್ನು ಅಳೆಯುವಾಗ ತಲೆಗೊಂದು ಹಿಡಿಯಂತೆ ಹಾಕಿ, ಮೇಲೆ ಎರಡು ಹಿಡಿ ಹೆಚ್ಚಿಗೆ ಸುರಿದುಕೊಳ್ಳುತ್ತೇನೆ.