ಅಘನಾಶಿನಿಯ ಅಳಿವೆಯಲ್ಲಿ ಶೆಟ್ಲಿಯ ಹಂಗಾಮು

ದೀಪಾವಳಿ ಕಳೆದ ಮೇಲೆ ಕುಮಟಾದಿಂದ ಅಘನಾಶಿನಿ ಊರಿಗೆ ಬಂದು ತದಡಿಯ ದೋಣಿ ಹತ್ತಿದಾಗ ಇಳಿತ ಮುಗಿದು ಉಬ್ಬರ ಏರತೊಡಗಿತ್ತು. ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಲುಕದೆ ಸಮುದ್ರ ಸೇರುವ ನದಿಯಿದು. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯ ಮಾನ್ಯತೆ ದೊರೆಯಿತು. ನಾನು ಬಂದದ್ದು ಇಲ್ಲಿಯ ಶೆಟ್ಲಿಯನ್ನೂ (ಸಿಗಡಿ) ಅದರ ಸೂಕ್ಷ್ಮ ಬಂಧುಗಳನ್ನೂ ನೋಡಲು.

ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿದ ನೀರನ್ನು ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದಾಗ ಬಿಳಿ ಚುಕ್ಕೆಗಳು ತಟತಟನೆ ಜಿಗಿಯತೊಡಗಿದವು. ಅವು ಶೆಟ್ಲಿಯ ಬಳಗಕ್ಕೇ ಸೇರಿದ ಪುಟ್ಟ ಜಲಜೀವಿಗಳಾದ ಕೊಪೆಪಾಡ್‌ಗಳು. ಮಸೂರದಡಿ ಉದ್ದನೆಯ ಮೀಸೆಗಳೂ, ಕೆಲವು ಹೆಣ್ಣುಗಳ ಬಾಲದ ಎರಡೂ ಬದಿಗೆ ಅಂಟಿದ ಮೊಟ್ಟೆಚೀಲಗಳೂ ಸ್ಪಷ್ಟವಾಗಿ ಕಂಡವು.

ಆಷಾಢದ ನೆರೆಯಲ್ಲಿ ಸಿಹಿನೀರು ಅಳಿವೆಯ ಬಾಯಿಯವರೆಗೂ ತುಂಬುವುದರಿಂದ ಉಪ್ಪುನೀರಿನ ಜಾತಿಗಳು ಕಡಲಿಗೆ ತಳ್ಳಲ್ಪಡುತ್ತವೆ. ಹೊಳೆ, ಗದ್ದೆಗಳಿಂದ ಹರಿದು ಬಂದ ಸಿಹಿನೀರಿನ ಜೀವಿಗಳು ಕೆಲಕಾಲ ಆ ಜಾಗ ಹಿಡಿಯುತ್ತವೆ. ಮಳೆ ಇಳಿದು ನೀರು ತಿಳಿಯಾದಂತೆ, ನೆರೆ ತಂದ ಸತ್ವದಿಂದ ಸೂಕ್ಷ್ಮ ಪಾಚಿ ಹೆಚ್ಚಿ, ಅದನ್ನು ತಿನ್ನುವ ಕೊಪೆಪಾಡ್‌ಗಳೂ ವೃದ್ಧಿಸುತ್ತವೆ. ಕಡಲಲ್ಲಿ ಹುಟ್ಟಿದ ಶೆಟ್ಲಿಯ ಮರಿಗಳು ಉಬ್ಬರದೊಡನೆ ಒಳಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಕೆಲವು ತಿಂಗಳು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಬೇಸಿಗೆಯಲ್ಲಿ ಉಪ್ಪು ಮಿರ್ಜಾನದ ಕಡೆಗೆ ಏರಿದಂತೆ ಕಡಲಿನ ಜಾತಿಗಳೂ ಒಳನಾಡಿನತ್ತ ಸರಿಯುತ್ತವೆ. ಮಳೆಗಾಲದ ನೆರೆಯೇ ಈ ಏರಿಳಿತವನ್ನು ನಡೆಸುವುದರಿಂದ, ಮೇಲೆ ನೀರು ತಡೆಯುವ ಯಾವ ಯೋಜನೆಯೂ ಅಳಿವೆಯ ಲೆಕ್ಕವನ್ನು ಬಿಟ್ಟು ಮಾಡುವಂಥದ್ದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಾಣಿಕಟ್ಟೆಯ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತದ ಕೊಯ್ಲು ಮುಗಿದಿತ್ತು. ಕಟ್ಟೆಯ ಮರದ ಬಾಗಿಲು ತೆರೆದು ಉಪ್ಪುನೀರನ್ನು ಒಳಬಿಟ್ಟಿದ್ದರು. ಕೊಳೆಯುವ ಕೂಳೆ ಹುಳುಹುಪ್ಪಟೆಗೂ ಮರಿಗಳಿಗೂ ಆಹಾರ. "ಅಮಾಸೆ ಹತ್ರ ಬಂದ್ರೆ ಇಳಿತಕ್ಕೆ ಶೆಟ್ಲಿ ತಾನಾಗೇ ಹೊರಗೆ ಬರ್ತದೆ ತಂಗಿ, ಬಾಗಿಲಿಗೆ ಬಲೆ ಕಟ್ಟೂದಷ್ಟೇ ನಮ್ಮ ಕೆಲ್ಸ" ಎಂದರು ಅಲ್ಲಿದ್ದ ಹಿರಿಯರು. ಮಳೆಗೆ ಮುನ್ನ ಕಟ್ಟೆ ರಿಪೇರಿಯಾಗಿ ಬಾಗಿಲು ಮುಚ್ಚುವವರೆಗೂ ಈ ಹಿಡಿತ ನಡೆಯುತ್ತದೆ. ಆಮೇಲೆ ಮಳೆನೀರು ಮಣ್ಣಿನ ಉಪ್ಪು ತೊಳೆದು, ಮೊಳಕೆ ಬಂದ ಕಗ್ಗದ ಬೀಜ ಅದೇ ಕೆಸರಿಗೆ ಬೀಳುತ್ತದೆ.