ಕತ್ತಲೆ ಕಾಮಿಕ್ಕಿನ ಓದುಗರಿಗೆ ಸಿಟ್ಟು ಬರುವುದು ಯಾವುದಕ್ಕೆ?

14 ಜೂನ್ 2025, ಶನಿವಾರ

ಸೂಪರ್‌ಹೀರೋ ಕಾಮಿಕ್ಕೊಂದನ್ನು ಮತ್ತೆ ಒಂದನೇ ನಂಬರಿನಿಂದ ಶುರುಮಾಡಿ, ಈ ಸಲ ರಕ್ತ, ಕತ್ತಲೆ, ಮುರಿದ ಮೂಳೆ ಜಾಸ್ತಿ ಇಟ್ಟರೆ ಓದುಗರು ಎರಡೇ ದಿನದಲ್ಲಿ ಎರಡು ಪಾಳಯವಾಗುತ್ತಾರೆ. "ಅಂತೂ ದೊಡ್ಡವರು ಓದೋ ಹಾಗೆ ಬರೆದರು" ಅನ್ನುವವರು ಒಂದು ಕಡೆ, "ನಮ್ಮ ಹೀರೋನ ಹಾಳು ಮಾಡಿಬಿಟ್ಟರು" ಅನ್ನುವವರು ಇನ್ನೊಂದು ಕಡೆ. ಜಗಳ ಕತ್ತಲೆಯದ್ದೇ ಎಂದು ಕಾಣುತ್ತದೆ. ಆದರೆ ಸಿಟ್ಟಿನ ಬುಡ ಕೆದಕಿದರೆ ಬಹಳ ಸಲ ಬೇರೆಯದೇ ಸಿಗುತ್ತದೆ: ಅಳಿಸಿಹಾಕಿದ ಹಳೆಯ ಕಥೆ, ಇಲ್ಲವೇ ಕಥೆಯೊಳಗೆ ಯಾರೂ ಬೆಲೆ ತೆರದ ಹಿಂಸೆ.

ಇದಕ್ಕೆ ಅಮೆರಿಕದ ಪ್ರಕಾಶಕರಾದ ಡಿಸಿ ಕಾಮಿಕ್ಸ್ ಹಳೆಯ ಕಥೆಗಳನ್ನು ಬದಿಗಿಟ್ಟು ಎಲ್ಲ ಮಾಲಿಕೆಗಳನ್ನೂ ಹೊಸದಾಗಿ ಶುರುಮಾಡಿದ 'ನ್ಯೂ 52'ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 31 ಆಗಸ್ಟ್ 2011ರಂದು 'ಜಸ್ಟಿಸ್ ಲೀಗ್' ಬಂತು, ಮರುದಿನದಿಂದ ಶುರುವಾದ ತಿಂಗಳಿಡೀ ಉಳಿದ ಮಾಲಿಕೆಗಳು. ಒಟ್ಟು 52, ಎಲ್ಲವೂ ಒಂದನೇ ನಂಬರು. ಅದರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್'ನ ಮೊದಲ ಸಂಚಿಕೆಯ ಕೊನೆಯ ಪುಟ ನೋಡಿ. ಬ್ಯಾಟ್‌ಮನ್‌ನ ವೈರಿ ಜೋಕರ್‌ನ ಮುಖದ ಚರ್ಮ ಸುಲಿದು ಗೋಡೆಗೆ ಜಡಿದಿದ್ದಾರೆ. ಅಲ್ಲಿಗೆ ಸಂಚಿಕೆ ಮುಗಿಯಿತು, ಜೋಕರ್ ಸುಮಾರು ಒಂದು ವರ್ಷ ಪತ್ತೆ ಇಲ್ಲ. ಅಸಹ್ಯಪಟ್ಟವರ ದೂರು ಸರಿಯಾಗಿಯೇ ಇತ್ತು: ಆ ಪುಟ ಬೆಚ್ಚಿಬೀಳಿಸಿತು, ಕಥೆಗೆ ಏನನ್ನೂ ಕೊಡಲಿಲ್ಲ.

ಅದೇ ಚರ್ಮ ಅಕ್ಟೋಬರ್ 2012ರಲ್ಲಿ 'ಬ್ಯಾಟ್‌ಮನ್' 13ನೇ ಸಂಚಿಕೆಯಲ್ಲಿ ವಾಪಸ್ ಬಂತು. ಸ್ಕಾಟ್ ಸ್ನೈಡರ್ ಬರೆದದ್ದು, ಗ್ರೆಗ್ ಕಪುಲ್ಲೊ ಚಿತ್ರ. ಜೋಕರ್ ಪೊಲೀಸ್ ಠಾಣೆಗೇ ನುಗ್ಗಿ ತನ್ನ ಮುಖ ಕಿತ್ತುಕೊಂಡು ಹೋಗಿ, ಅದನ್ನು ಪಟ್ಟಿಯಿಂದ ಬಿಗಿದು ಕಟ್ಟಿಕೊಳ್ಳುತ್ತಾನೆ. ಸಂಚಿಕೆ ಮುಂದುವರಿದಂತೆ ಚರ್ಮ ಸಡಿಲವಾಗುತ್ತದೆ, ಕೊಳೆಯುತ್ತದೆ, ನೊಣ ಮುತ್ತುತ್ತದೆ. ಹಿಂಸೆ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಆದರೆ ಈ ಸಲ ಆ ಮುಖಕ್ಕೆ ಕಾಲ ಹತ್ತಿತು, ವಾಸನೆ ಬಂತು, ಅದನ್ನು ಕಂಡವರ ಮನಸ್ಸು ಕೆಟ್ಟಿತು. ಮೊದಲನೆಯದನ್ನು ಬೈದವರಲ್ಲೇ ಎಷ್ಟೋ ಮಂದಿ ಇದನ್ನು ಮೆಚ್ಚಿದರು. ಅವರನ್ನು ಎಡಬಿಡಂಗಿಗಳು ಅನ್ನುವುದು ಅನ್ಯಾಯ. ಅವರ ಅಳತೆಗೋಲು ಎರಡೂ ಸಲ ಒಂದೇ ಆಗಿತ್ತು.

ಹಿಂದೆ ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್ ವಿಷಯ ಇನ್ನೂ ಸೂಕ್ಷ್ಮ. 1988ರಲ್ಲಿ ಜೋಕರ್‌ನ ಗುಂಡಿಗೆ ಅವಳ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆ ಕಥೆಯಲ್ಲಿ ಅವಳು ಬೇರೆಯವರ ನೋವಿಗೆ ನೆಪ ಅಷ್ಟೇ. ಮುಂದಿನ ವರ್ಷ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಅವಳನ್ನು 'ಓರಕಲ್' ಆಗಿ ಎಬ್ಬಿಸಿ ನಿಲ್ಲಿಸಿದರು: ಗಾಲಿಕುರ್ಚಿಯಲ್ಲಿ ಕೂತು ಇಡೀ ಹೀರೋ ಪಡೆಗೆ ಮಾಹಿತಿ ಕೊಡುವವಳು. 2011ರಲ್ಲಿ ಅವಳು ಮತ್ತೆ ನಡೆದಾಡಿ ಬ್ಯಾಟ್‌ಗರ್ಲ್ ಆದಳು. ಗುಂಡೇಟು ಮಾತ್ರ ಕಥೆಯಲ್ಲಿ ಹಾಗೇ ಉಳಿಯಿತು. ಕ್ರೌರ್ಯ ಇಟ್ಟುಕೊಂಡರು, ಆ ಕ್ರೌರ್ಯವನ್ನು ಮೀರಿ ಅವಳು ಕಟ್ಟಿಕೊಂಡ ಇಪ್ಪತ್ತು ವರ್ಷದ ಬದುಕನ್ನು ಬದಿಗೆ ಸರಿಸಿದರು. ಅಂಗವೈಕಲ್ಯವಿರುವ ಓದುಗರು ಸಿಟ್ಟಾದದ್ದು ಈ ಕಾರಣಕ್ಕೆ. ಅದನ್ನು "ಬದಲಾವಣೆ ಒಗ್ಗದವರ ಗೊಣಗಾಟ" ಎಂದು ತಳ್ಳಿಹಾಕಿದ ವಿಮರ್ಶೆಗಳು ವಿಷಯವನ್ನೇ ತಪ್ಪಾಗಿ ಓದಿದವು.

ಈಗ ಲೆಕ್ಕದ ಮಾತು. "ಒಂದನೇ ಸಂಚಿಕೆ ಇಷ್ಟು ಮಾರಾಟವಾಯಿತು, ಅಂದರೆ ಓದುಗರಿಗೆ ಹಿಡಿಸಿತು" ಎಂಬ ವಾದ ನಿಲ್ಲುವುದಿಲ್ಲ. ಅಮೆರಿಕದ ಕಾಮಿಕ್ ಅಂಗಡಿಗಳು ಸುಮಾರು ಎರಡು ತಿಂಗಳು ಮೊದಲೇ ಆರ್ಡರ್ ಕೊಡುತ್ತವೆ. ಕೊನೆಯದಾಗಿ ಹೆಚ್ಚುಕಡಿಮೆ ಮಾಡಲು ಸಿಗುವ ಗಡುವು ಬಿಡುಗಡೆಗೆ ಮೂರು ವಾರದ ಆಸುಪಾಸು. ಮಾರಾಟವಾಗದ್ದನ್ನು ಸಾಮಾನ್ಯವಾಗಿ ವಾಪಸ್ ಕೊಡುವಂತಿಲ್ಲ. ಹಾಗಾಗಿ ಮಾರಾಟದ ಪಟ್ಟಿಯಲ್ಲಿ ಕಾಣುವ ಸಂಖ್ಯೆ ಅಂಗಡಿಯವರ ಅಂದಾಜು. 25 ಸಾದಾ ಪ್ರತಿಗೆ ಒಂದರಂತೆ ಸಿಗುವ ವೇರಿಯಂಟ್ ಕವರ್‌ಗಾಗಿ (ಬೇರೆ ಚಿತ್ರದ ಮುಖಪುಟ) ಹೆಚ್ಚಾಗಿ ತರಿಸಿದ ಪ್ರತಿಗಳೂ ಅದರಲ್ಲೇ ಸೇರಿರುತ್ತವೆ. ಎರಡನೇ ಸಂಚಿಕೆಯ ಗಡುವು ಬರುವಾಗ ಮೊದಲನೆಯದು ಅಂಗಡಿಗೆ ಬಂದು ಒಂದೆರಡು ವಾರವೂ ಆಗಿರುವುದಿಲ್ಲ. ಓದಿದವರ ತೀರ್ಮಾನ ಮೂರು, ನಾಲ್ಕನೇ ಸಂಚಿಕೆಯ ಆರ್ಡರಿನಲ್ಲಿ ಕಾಣತೊಡಗುತ್ತದೆ. ಇಳಿತ ಎಲ್ಲ ಮಾಲಿಕೆಗೂ ಇದ್ದದ್ದೇ. ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನೋಡಬೇಕು.

ಮತ ಎಣಿಕೆಯನ್ನೂ ಹೀಗೆಯೇ ನೋಡಬೇಕು. 1988ರಲ್ಲಿ ಬ್ಯಾಟ್‌ಮನ್‌ನ ಜೊತೆಗಾರ, ಎರಡನೇ ರಾಬಿನ್ ಆಗಿದ್ದ ಜೇಸನ್ ಟಾಡ್ ಸಾಯಬೇಕೋ ಬದುಕಬೇಕೋ ಎಂದು ಡಿಸಿ ಫೋನಿನಲ್ಲಿ ಕೇಳಿತು, ಕರೆಗೆ 50 ಸೆಂಟ್. ಸಾಯಲಿ ಎಂದು 5,343, ಬೇಡವೆಂದು 5,271. ಎಣಿಸಿದ್ದು ಕರೆಗಳನ್ನು, ಒಬ್ಬರೇ ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಿತ್ತು. 72 ಕರೆಯ ಅಂತರವನ್ನು "ಓದುಗರೆಲ್ಲರಿಗೂ ಅವನು ಬೇಡವಾಗಿದ್ದ" ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಈಗಲೂ ನಿಂತಿಲ್ಲ.

"ಪುಟದಲ್ಲಿ ಏನೂ ಕಾಣಲ್ಲ" ಎಂಬ ದೂರು ಬಂದರೆ ಅದನ್ನು ಅಭಿರುಚಿಯ ಲೆಕ್ಕಕ್ಕೆ ಹಾಕಬೇಡಿ. ಅದು ಬಹುಪಾಲು ಮುದ್ರಣದ ತೊಂದರೆ. ಬರೀ ಕಪ್ಪು ಶಾಯಿ ಒಣಗಿದಾಗ ಬೂದು ಹೊಡೆಯುತ್ತದೆ, ಆದ್ದರಿಂದ ಗಾಢ ಕಪ್ಪಿಗೆ ಶೇ. 100 ಕಪ್ಪಿನ ಜೊತೆ ಶೇ. 60 ಸಯಾನ್ (ತಿಳಿನೀಲಿ), 40 ಮಜೆಂಟಾ (ಕಡುಗುಲಾಬಿ), 40 ಹಳದಿ ಕೂಡ ಸೇರಿಸುವುದುಂಟು. ಒಟ್ಟು ಶೇ. 240 ಶಾಯಿ. ನುಣುಪು ಕಾಗದ ಇದನ್ನು ಸಲೀಸಾಗಿ ತಡೆಯುತ್ತದೆ. ಲೇಪನವಿಲ್ಲದ ಕಾಗದ ಶಾಯಿ ಹೀರಿ ಚುಕ್ಕಿಗಳು ಹಿಗ್ಗುತ್ತವೆ, ಸ್ಕ್ರೀನಿನಲ್ಲಿ ಶೇ. 80ರಷ್ಟಿದ್ದ ನೆರಳು ಕಾಗದದಲ್ಲಿ 90 ದಾಟುತ್ತದೆ. ಕಡುನೀಲಿ ಕೇಪು ಕಪ್ಪು ಓಣಿಯಲ್ಲಿ ಕರಗಿಹೋಗುವುದು ಹೀಗೆ. ಅದೇ ಪುಟವನ್ನು ಡಿಜಿಟಲ್ ಪ್ರತಿಯಲ್ಲಿ ತೆರೆದು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಭುಜದ ಅಂಚು ಸ್ಪಷ್ಟವಾಗಿದ್ದು ಇಲ್ಲಿ ಮಾಯವಾಗಿದ್ದರೆ ಕಲಾವಿದರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಕೃತಿಯ ಸುತ್ತ ತಿಳಿ ಬೆಳಕಿನ ಗೆರೆ ಎಳೆಯುವ ಬಣ್ಣಗಾರರು ಈ ತಾಪತ್ರಯ ಗೊತ್ತಿದ್ದೇ ಹಾಗೆ ಮಾಡುತ್ತಾರೆ.

ಪ್ರಕಾಶಕರು ಓದುಗರ ಮಾತು ಕೇಳುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ, ಕೇಳಿದ್ದು ಪುಟಕ್ಕೆ ಬರಲು ಹೊತ್ತು ಹಿಡಿಯುತ್ತದೆ. ದಿನಕ್ಕೊಂದು ಪುಟದ ವೇಗದಲ್ಲಿ 20 ಪುಟಕ್ಕೆ ತಿಂಗಳು ಬೇಕು, ಮೊದಲ ಪ್ರತಿಕ್ರಿಯೆ ತಲುಪುವಾಗ ಮುಂದಿನ ಎರಡು ಮೂರು ಸಂಚಿಕೆಯ ಕೆಲಸ ಆಗಿಹೋಗಿರುತ್ತದೆ. 'ನ್ಯೂ 52'ಕ್ಕೆ ದೊಡ್ಡ ಉತ್ತರ ಬಂದದ್ದು ಮೇ 2016ರಲ್ಲಿ, 80 ಪುಟದ 'ರೀಬರ್ತ್' ಸಂಚಿಕೆಯಾಗಿ, ಬೆಲೆ 2.99 ಡಾಲರ್. ಹೀರೋಗಳ ಬದುಕಿನಿಂದ ಹತ್ತು ವರ್ಷ ಯಾರೋ ಕದ್ದಿದ್ದಾರೆ ಎಂದು ಅದು ಕಥೆಯೊಳಗೇ ಒಪ್ಪಿಕೊಂಡಿತು. 'ಆಕ್ಷನ್ ಕಾಮಿಕ್ಸ್' 957ಕ್ಕೆ, 'ಡಿಟೆಕ್ಟಿವ್' 934ಕ್ಕೆ, ಹಳೆಯ ಎಣಿಕೆಗೇ ಮರಳಿದವು. ವಾಪಸ್ ಕೊಟ್ಟದ್ದು ಮುಖ್ಯವಾಗಿ ಹಳೆಯ ಕಥೆಯನ್ನೇ.

ಅಕ್ಟೋಬರ್ 2024ರಲ್ಲಿ ಬಂದ 'ಆ್ಯಬ್ಸಲ್ಯೂಟ್ ಬ್ಯಾಟ್‌ಮನ್' 'ನ್ಯೂ 52'ಕ್ಕಿಂತ ಒರಟು. ಬ್ಯಾಟ್‌ಮನ್ ಆಗುವ ಬ್ರೂಸ್‌ಗೆ ದುಡ್ಡಿಲ್ಲ, ಬಂಗಲೆಯಿಲ್ಲ, ತಾಯಿ ಬದುಕಿದ್ದಾಳೆ, ಎದೆಯ ಮೇಲಿನ ಬಾವಲಿಯೇ ಕೊಡಲಿ. ಆದರೂ ಓದುಗರು ಎರಡೂ ಕೈಯಲ್ಲಿ ಬಾಚಿಕೊಂಡರು, ಮೊದಲ ಸಂಚಿಕೆ ಮತ್ತೆ ಮತ್ತೆ ಅಚ್ಚಾಯಿತು. ಹಳೆಯ ಬ್ಯಾಟ್‌ಮನ್ ತನ್ನ ಮಾಲಿಕೆಯಲ್ಲಿ ಹಾಗೇ ಮುಂದುವರಿದಿದ್ದ, ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ.

ಹೊಸ ಮಾಲಿಕೆಗೆ ಪ್ರತಿಕ್ರಿಯೆ ಬರೆಯುವವರು ಸಂಚಿಕೆ, ಪುಟ, ಪ್ಯಾನೆಲ್ (ಪುಟದ ಒಂದೊಂದು ಚಿತ್ರಚೌಕ) ಹೆಸರಿಸಿ ಬರೆಯಿರಿ. ಪೆಟ್ಟು ಬಿದ್ದ ಪಾತ್ರ ಮುಂದಿನ ಸಂಚಿಕೆಯಲ್ಲಿ ಕುಂಟುತ್ತಿದೆಯೇ, ಸತ್ತವರ ಹೆಸರನ್ನು ಯಾರಾದರೂ ಎತ್ತುತ್ತಾರೆಯೇ ನೋಡಿ. ಹೀಗೆ ಬರೆದ ನಾಲ್ಕು ಸಾಲು ಸಂಪಾದಕರ ಉಪಯೋಗಕ್ಕೆ ಬರುತ್ತದೆ. "ತುಂಬಾ ಡಾರ್ಕ್" ಎಂದಷ್ಟೇ ಬರೆದರೆ ಯಾವ ಪುಟ ತಿದ್ದಬೇಕೆಂದು ಅವರಿಗೆ ತಿಳಿಯುವುದಿಲ್ಲ.